ಎಲೆಯಾಟದ ಪರವಾಗಿ ನಾಲ್ಕು ಮಾತು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಆಗ್ರಹಪಡಿಸಿದಾಗ ಸಂತೋಷವೂ ಸಂಕೋಚವೂ ಏಕಕಾಲಕ್ಕೆ ಉಂಟಾದವು. ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿ, ಶಿವಯೋಗಿ ಸಿದ್ಧರಾಮರ ಸೊನ್ನಲಿಗೆಯ ಹಿರಿಮೆ, ಜಯದೇವಿತಾಯಿ ಲಿಗಾಡೆಯವರ ಸಾಹಿತ್ಯಸೇವೆ ಮೊದಲಾದ ಘನ ವಿಷಯಗಳ ಮೇಲೆ ನನಗಿಂತ ಬಲ್ಲವರು ಬರೆಯುತ್ತಾರೆಂಬ ನಂಬಿಕೆ ನನಗಿದೆ. ಆದ್ದರಿಂದ ನಾನು ಯಾರೂ ಮುಟ್ಟಲಾರದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಎಲೆಯಾಟ, ಅದರಲ್ಲಿಯೂ ಯಂತ್ರದ ಪರದೆಯ ಮೇಲೆ ಆಡುವ ಎಲೆಯಾಟ. ವಾಚಕರು ಹುಬ್ಬು ಗಂಟಿಕ್ಕುವ ಮೊದಲು ತುಸು ತಾಳ್ಮೆಯಿಂದ ಓದಬೇಕೆಂದು ಬಿನ್ನಹ.

ವಳಸಂಗದಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರಿಗೆ 'ಎಲೆ' ಎಂಬ ಶಬ್ದಕ್ಕೆ ಮೂರು ಅರ್ಥಗಳು ಗೊತ್ತು. ಊಟವಾದ ಮೇಲೆ ಹಿರಿಯರು ಮೆಲ್ಲುವ ಎಲೆ, ತಾಯಂದಿರು ಬೀಡಿ ಕಟ್ಟುವ ಎಲೆ, ಗಂಡಸರು ಮನೆ ಕಳೆಯುವ ಎಲೆ. ಈ ಮೂರನೆಯ ಎಲೆಯ ಪರಿಚಯ ನಮ್ಮ ಮನೆಗೆ ಚೆನ್ನಾಗಿಯೇ ಆಗಿತ್ತು. ನನ್ನ ಸೋದರಮಾವನೊಬ್ಬ ಜಾತ್ರೆಯಲ್ಲಿ ಮೂರೆಲೆಯಾಟಕ್ಕೆ ಕುಳಿತು, ಮೊದಲು ಜೇಬಿನ ಹಣವನ್ನೂ ಬಳಿಕ ಕೈಗಡಿಯಾರವನ್ನೂ ಕಳೆದುಕೊಂಡು, ಮುಂದೆ ಆರು ತಿಂಗಳಲ್ಲಿ ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿದ. ಆ ಮಗ್ಗವಿದ್ದ ಜಾಗ ಬಹುಕಾಲ ಹಾಗೆಯೇ ಖಾಲಿ ಉಳಿದಿತ್ತು. ಅಲ್ಲಿ ಬೇರೇನನ್ನೂ ಇಡಲು ನನ್ನ ಅಜ್ಜಿ ಬಿಡಲಿಲ್ಲ. ಮಕ್ಕಳು ನೋಡಲಿ ಎಂಬುದು ಅವಳ ವಾದ.

ಇಂಥ ಮನೆಯಲ್ಲಿ ನಾನು ಕಡ್ಡಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಹಾಕುವ ಹುಚ್ಚನ್ನು ಹಚ್ಚಿಕೊಂಡೆ. ನಮ್ಮ ಶಾಲೆಯ ಮೊದಮೊದಲ ತಂಡಗಳಲ್ಲಿ ಕಲಿತವರಿಗೆ ಇದು ನೆನಪಿರಬೇಕು. ಹಡಗಿನ ಚಿತ್ರ ಎಲ್ಲರ ಬಳಿಯೂ ಇರುತ್ತಿತ್ತು, ಹಾಗಾಗಿ ಅದಕ್ಕೆ ಬೆಲೆ ಇರಲಿಲ್ಲ. ಚಿರತೆಯೊಡನೆ ಮನುಷ್ಯ ಹೋರಾಡುವ ಚಿತ್ರಕ್ಕೆ ಹಡಗು ಎರಡು ಕೊಡಬೇಕಾಗುತ್ತಿತ್ತು. ಪರಊರಿನ ಲಾರಿಯವರು ಬಿಸಾಡಿದ, ಯಾರೂ ಕಾಣದ ಚಿತ್ರವೊಂದು ಸಿಕ್ಕಿತೆಂದರೆ ಆ ಹುಡುಗ ಎಂಟು ದಿನ ರಾಜ. ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನಾವು ಅವುಗಳನ್ನು ಮಗುಚಿಹಾಕಿ ಅಂಗೈಯಿಂದ ಹೊಡೆದು ಗೆಲ್ಲುತ್ತಿದ್ದೆವು. ನಾಲ್ಕನೆಯ ಇಯತ್ತೆ ಮುಗಿಯುವ ಹೊತ್ತಿಗೆ ನನ್ನಲ್ಲಿ ಇನ್ನೂರ ಚಿಲ್ಲರೆ ಚಿತ್ರಗಳಿದ್ದವು. ಒಂದು ಸಂಜೆ ತಂದೆಯವರು ಆ ಡಬ್ಬಿಯನ್ನು ಕಂಡರು. 'ಇವನೂ ಎಲೆ ಹಿಡಿದ' ಎಂದಷ್ಟೇ ಅಂದು ಡಬ್ಬಿಯನ್ನು ಒಲೆಗೆ ಸುರಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಅವರ ಮನಸ್ಸಿನಲ್ಲಿ ಆ ಖಾಲಿ ಮಗ್ಗದ ಜಾಗವಿತ್ತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ನಮ್ಮ ನಂತರ ಬಂದವರು ಬೇರೆ ಬೇರೆ ಎಲೆಗಳನ್ನು ಕೂಡಿಹಾಕಿದರು. 1987ರ ವಿಶ್ವಕಪ್ಪಿನ ಕಾಲಕ್ಕೆ ಬಿಗ್ ಫನ್ ಎಂಬ ಬಬಲ್‌ಗಮ್ಮಿನೊಳಗೆ ಕ್ರಿಕೆಟ್ ಆಟಗಾರರ ಚೀಟಿಗಳು ಬಂದವು. ಮುಂದಿನ ದಶಕದಲ್ಲಿ ಕುಸ್ತಿಪಟುಗಳ ಎತ್ತರ, ತೂಕ ಅಚ್ಚಾಗಿದ್ದ ಟ್ರಂಪ್ ಕಾರ್ಡುಗಳು ಬಂದವು. ಇವನ್ನು ಓದುವಾಗ ಮುಗುಳ್ನಗುವ ಹಳೆಯ ವಿದ್ಯಾರ್ಥಿಗಳು ಹಲವರಿರಬೇಕು. ಅವರಲ್ಲಿ ಅನೇಕರ ಡಬ್ಬಿಗಳೂ ಒಲೆ ಕಂಡಿರಬೇಕು.

ಈಗ ಪ್ರಸ್ತುತ ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿರುವ ನನ್ನ ಮಗಳ ಮಗ, ಹತ್ತು ವರ್ಷದವನು, ಕಳೆದ ಬೇಸಗೆಯ ರಜೆಗೆ ಊರಿಗೆ ಬಂದಾಗ ಕೈಯಲ್ಲಿ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರವೊಂದನ್ನು ತಂದಿದ್ದ. ಅಳಿಯಂದಿರು ಹೊರದೇಶದಿಂದ ಬರುವಾಗ ತಂದದ್ದು. ಅದರೊಳಗೆ ಪೋಕೆಮಾನ್ ಎಂಬ ಎಲೆಯಾಟವಿತ್ತು. ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಅವನು ಎಲೆ ಎಣಿಸುತ್ತಿದ್ದುದನ್ನು ಕಂಡ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಮುಂದೆ ಚಾಚಿತು. ಯಂತ್ರವನ್ನು ಕಸಿದುಕೊಳ್ಳುವುದಕ್ಕೇ ಚಾಚಿತೆಂದು ಒಪ್ಪಿಕೊಳ್ಳುತ್ತೇನೆ. ಹುಡುಗ ತಪ್ಪು ತಿಳಿದ. ಅಜ್ಜನಿಗೂ ಆಡಬೇಕೆನಿಸಿದೆ ಎಂದುಕೊಂಡು ಸಂತೋಷದಿಂದ ಯಂತ್ರವನ್ನು ನನ್ನ ಕೈಗಿತ್ತು ಪಕ್ಕಕ್ಕೆ ಸರಿದು ಕುಳಿತ. ಆ ತಪ್ಪು ತಿಳಿವಳಿಕೆಯ ಫಲವೇ ಈ ಲೇಖನ.

ಆಟದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಎಲೆಗಳನ್ನು ಕೂಡಿಹಾಕಿ, ಅವುಗಳಿಂದ ತನ್ನದೇ ಕಟ್ಟು ಕಟ್ಟಿಕೊಂಡು ಆಡುವ ಈ ಬಗೆಯ ಆಟವನ್ನು 1993ರಲ್ಲಿ ಅಮೆರಿಕೆಯ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು 'ಮ್ಯಾಜಿಕ್' ಎಂಬ ಹೆಸರಿನಲ್ಲಿ ಬಳಕೆಗೆ ತಂದರು. 1996ರಲ್ಲಿ ಜಪಾನಿನವರು ತಮ್ಮ ಪೋಕೆಮಾನ್ ಪ್ರಾಣಿಗಳನ್ನು ಎಲೆಗಳ ಮೇಲೆ ಅಚ್ಚು ಹಾಕಿ ಇಂಥದೇ ಆಟ ಹೊರಡಿಸಿದರು. ಅದು ಜಗತ್ತಿನ ಮಕ್ಕಳನ್ನೆಲ್ಲ ಹಿಡಿಯಿತು. 1998ರ ಡಿಸೆಂಬರಿನಲ್ಲಿ ಅದೇ ಕಾಗದದ ಆಟವನ್ನು ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರದೊಳಗೆ ಇಳಿಸಿದರು. 2000ದಲ್ಲಿ ಅದು ಇಂಗ್ಲಿಷಿನಲ್ಲಿಯೂ ಬಂದಿತು. ನನ್ನ ಮೊಮ್ಮಗ ಆಡುತ್ತಿದ್ದುದು ಈ ಹಳೆಯ ಆಟವನ್ನೇ; 2023ರಲ್ಲಿ ಅದನ್ನು ಹೊಸ ಯಂತ್ರದಲ್ಲಿಯೂ ಆಡುವಂತೆ ಮಾಡಿದ್ದಾರೆ. ಚಿತ್ರಗಳು ಚೌಕಚೌಕವಾಗಿ ಒಡೆದು ಕಾಣುತ್ತವೆ, ಸಂಗೀತ ಪೀಪಿಯಂತಿದೆ. ಆದರೂ ನನಗೆ ಅದೇ ಹಿತವಾಯಿತು.

ಆಡುವ ಕ್ರಮ ಹೀಗಿದೆ. ನಿಮ್ಮ ಕಟ್ಟಿನಲ್ಲಿ ಸರಿಯಾಗಿ 60 ಎಲೆಗಳಿರಬೇಕು, ಕಡಿಮೆಯೂ ಇಲ್ಲ ಹೆಚ್ಚೂ ಇಲ್ಲ. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಸಲ್ಲದು, ಶಕ್ತಿಯ ಮೂಲ ಎಲೆಗಳನ್ನು ಮಾತ್ರ ಬೇಕಾದಷ್ಟು ಹಾಕಬಹುದು. ಮೊದಲು ಕೈಗೆ 7 ಎಲೆ, ಬಹುಮಾನವೆಂದು ಬೋರಲಾಗಿಟ್ಟ 6 ಎಲೆ. ಎದುರಾಳಿಯ ಪ್ರಾಣಿಯೊಂದನ್ನು ಕೆಡವಿದಾಗಲೆಲ್ಲ ಬಹುಮಾನದ ಒಂದು ಎಲೆಯನ್ನು ಎತ್ತಿಕೊಳ್ಳಬೇಕು. ಆರನ್ನೂ ಎತ್ತಿದವನು ಗೆದ್ದ. ಸರದಿಗೆ ಒಂದೇ ಶಕ್ತಿಯ ಎಲೆಯನ್ನು ಪ್ರಾಣಿಗೆ ಅಂಟಿಸಬಹುದು ಎಂಬ ಒಂದು ಕಟ್ಟಳೆಯಲ್ಲಿಯೇ ಆಟದ ರಸವೆಲ್ಲ ಅಡಗಿದೆ. ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ಮೃಗವನ್ನು ಕಂಡು ನಾನು ಮರುಳಾದೆ. ಒಂದೇ ಏಟಿಗೆ ನೂರು ಪೆಟ್ಟು! ಆದರೆ ಅದನ್ನು ಹೂಡಬೇಕಾದರೆ ಚಿಕ್ಕ ಮರಿಯಿಂದ ಎರಡು ಹಂತ ಬೆಳೆಸಬೇಕು, ನಾಲ್ಕು ಶಕ್ತಿ ಉಣಿಸಬೇಕು, ಹೊಡೆದಾಗಲೆಲ್ಲ ಎರಡು ಶಕ್ತಿ ಚೆಲ್ಲಬೇಕು. ನಾನು ನಾಲ್ಕು ಸರದಿ ಕಾದು ಅದನ್ನು ಸಾಕುವಷ್ಟರಲ್ಲಿ ಎದುರಿನ ಇಲಿಯಂಥ ಪ್ರಾಣಿ ಹತ್ತು ಇಪ್ಪತ್ತು ಪೆಟ್ಟುಗಳನ್ನು ಕೊಟ್ಟು ನನ್ನ ಮನೆ ಮುಗಿಸಿತ್ತು. ಮೊದಲ ದಿನ ಏಳು ಆಟ ಸೋತೆ. ಹೊಲಕ್ಕೆ ಆನೆ ಕಟ್ಟಲು ಹೋದ ರೈತನಂತಾಯಿತು ನನ್ನ ಸ್ಥಿತಿ.

ಇನ್ನೊಂದು ಎಲೆಯಿದೆ, ಪ್ರೊಫೆಸರ್ ಓಕ್ ಎಂಬ ಮುದುಕರದು. ಅದನ್ನು ಆಡಿದರೆ ಕೈಯಲ್ಲಿರುವ ಎಲೆಗಳನ್ನೆಲ್ಲ ಚೆಲ್ಲಿ ಹೊಸದಾಗಿ ಏಳು ಎತ್ತಿಕೊಳ್ಳಬೇಕು. ಆಟ ಬಲ್ಲವರು ಅದನ್ನು ಕಣ್ಣು ಮುಚ್ಚಿ ಆಡುತ್ತಾರಂತೆ. ನನ್ನಿಂದ ಆಗಲಿಲ್ಲ. ಹರಿದ ಚೀಲವನ್ನೂ ಮಡಿಚಿಡುವ ತಲೆಮಾರು ನಮ್ಮದು. ಒಳ್ಳೆಯ ಎಲೆಯೊಂದನ್ನು ಚೆಲ್ಲಬೇಕೆಂದಾಗ ಕೈ ನಡುಗುತ್ತದೆ. 'ಅಜ್ಜಾ, ಇಟಗೊಂಡು ಏನ ಮಾಡ್ತಿ, ಈ ಆಟ ಮುಗದ ಹೋಗ್ತದ' ಎಂದು ಹುಡುಗ ನಕ್ಕ.

ಈ ಮಾತನ್ನು ಅವನು ಕನ್ನಡದಲ್ಲಿಯೇ ಅಂದ ಎಂಬುದನ್ನು ನಾನಿಲ್ಲಿ ಬೇಕೆಂದೇ ಬರೆದಿದ್ದೇನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಎಂಬಲ್ಲಿ ಬೆಳೆಯುವ ಹುಡುಗ ಅವನು. ಹೋದ ವರ್ಷದವರೆಗೆ ನನ್ನ ಪ್ರಶ್ನೆಗಳಿಗೆ 'ಹೂಂ', 'ಇಲ್ಲ' ಎಂಬೆರಡೇ ಉತ್ತರ ಕೊಡುತ್ತಿದ್ದ. ಎಲೆಗಳ ಮೇಲೆ ಬರೆದದ್ದೆಲ್ಲ ಇಂಗ್ಲಿಷು. ನನಗೆ ಇಂಗ್ಲಿಷು ಓದಲು ಬಾರದೆಂದಲ್ಲ. ಪರದೆಯ ಅಕ್ಷರ ಸಣ್ಣದೆಂಬ ನೆವ ಮಾಡಿ, ಪ್ರತಿಯೊಂದನ್ನೂ ಓದಿ ಕನ್ನಡದಲ್ಲಿ ಹೇಳು ಎಂದೆ. ಹೇಳದಿದ್ದರೆ ಅಜ್ಜ ತಪ್ಪು ಎಲೆ ಹಾಕುತ್ತಾನೆ, ಆಟ ಕೆಡುತ್ತದೆ. ಹೀಗಾಗಿ ಅವನು ಹೇಳಲೇಬೇಕಾಯಿತು. ಎರಡು ವಾರಗಳಲ್ಲಿ ನಮ್ಮಿಬ್ಬರದೇ ಒಂದು ನಿಘಂಟು ಸಿದ್ಧವಾಯಿತು. ಶಕ್ತಿಗೆ 'ಕಸುವು'. ಕಾದಾಟದ ಹಿಂದೆ ಸರದಿಗಾಗಿ ಪ್ರಾಣಿಗಳು ಕುಳಿತಿರುವ ಸಾಲಿಗೆ 'ಕಟ್ಟೆ'. ಮರಿ ದೊಡ್ಡದಾಗುವುದಕ್ಕೆ 'ಪೊರೆ ಬಿಡುವುದು'. ನಾಣ್ಯ ಚಿಮ್ಮುವುದಕ್ಕೆ ಮಾತ್ರ ಮರಾಠಿಯ 'ಛಾಪಾ ಕಾಟಾ' ಎಂಬುದನ್ನೇ ಉಳಿಸಿಕೊಂಡೆವು. ನಮ್ಮ ಸೀಮೆಯಲ್ಲಿ ಅದಕ್ಕೆ ಬೇರೆ ಮಾತು ಯಾರೂ ಆಡುವುದಿಲ್ಲ. ಗೊಂದಲಕ್ಕೊಳಗಾದ ಪ್ರಾಣಿಯನ್ನು ತೋರಿಸಿ 'ಇದಕ್ಕ ತಲಿ ತಿರಗೇದ' ಎಂದು ಅವನು ತಾನಾಗಿಯೇ ಹೇಳಿದ ದಿನ ನನ್ನ ಮಗಳು ಅಡುಗೆಮನೆಯಿಂದ ಹೊರಗೆ ಬಂದು ನೋಡಿದಳು. ಅವನಿಗೆ ಕನ್ನಡ ಕಲಿಸಲೆಂದು ಕೊಂಡ ಪುಸ್ತಕಗಳು ಕಪಾಟಿನಲ್ಲಿ ಹಾಗೆಯೇ ಇವೆ.

ಕಾಗದದ ಎಲೆಗಳಿಗಿಂತ ಯಂತ್ರದ ಆಟ ಮಿಗಿಲೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಒಂದು ವಿಷಯದಲ್ಲಿ ಹೌದು. ಯಂತ್ರ ಪಂಚನಿದ್ದಂತೆ. ಪೆಟ್ಟುಗಳನ್ನು ತಾನೇ ಎಣಿಸುತ್ತದೆ, ಎಲೆಗಳನ್ನು ತಾನೇ ಕಲಸುತ್ತದೆ, ಕಟ್ಟಳೆ ಮೀರಿದ ಎಲೆಯನ್ನು ಮುಟ್ಟಗೊಡುವುದಿಲ್ಲ. ಅರವತ್ತರ ಹತ್ತಿರದವನು ಹತ್ತು ವರ್ಷದವನೊಡನೆ ಕುಳಿತು ಜಗಳವಿಲ್ಲದೆ ಕಲಿಯಬೇಕಾದರೆ ಇಂಥ ಪಂಚನೇ ಬೇಕು. ಕಳೆದುಕೊಂಡದ್ದೂ ಉಂಟು. ಬೇವಿನ ಮರದ ಕೆಳಗಿನ ವಿನಿಮಯ, ಎರಡು ಹಡಗಿಗೆ ಒಂದು ಚಿರತೆ ಎಂಬ ಚೌಕಾಸಿ, ಅದು ಪರದೆಯಲ್ಲಿಲ್ಲ. ಆದರೂ ಹಳೆಯ ಗೇಮ್ ಬಾಯ್ ಆಟ ಮಾಡಿದವರು ಇದನ್ನು ಮರೆತಿರಲಿಲ್ಲವೆಂದು ತಿಳಿದು ಸಂತೋಷವಾಯಿತು. ಇಬ್ಬರು ಗೆಳೆಯರು ಯಂತ್ರಗಳನ್ನು ಎದುರೆದುರು ಹಿಡಿದರೆ ಕಾಣದ ಬೆಳಕಿನ ಮೂಲಕ ಇಬ್ಬರಿಗೂ ಒಂದೊಂದು ಎಲೆ ದೊರೆಯುವ ಏರ್ಪಾಡು ಅದರಲ್ಲಿತ್ತು. ಅದೇ ಗೆಳೆಯನೊಡನೆ ಕೂಡಲೇ ಮತ್ತೊಮ್ಮೆ ಮಾಡುವಂತಿಲ್ಲ, ಬೇರೊಬ್ಬನನ್ನು ಹುಡುಕಬೇಕು. ಹೊಸ ಗೆಳೆಯನನ್ನು ಹುಡುಕಿಸುವ ಯಂತ್ರ!

ನನ್ನ ತಂದೆಯವರ ಒಲೆಗೆ ಈಗ ಉತ್ತರ ಕೊಡಬೇಕು. ಎಲೆಯೆಂದರೆ ಜೂಜು ಎಂಬ ನಮ್ಮವರ ಭಾವನೆ ಅಕಾರಣವಾದುದಲ್ಲ, ಆದರೆ ಪೂರ್ಣವಾದುದೂ ಅಲ್ಲ. ನಮ್ಮದೇ ರಾಜ್ಯದ ಸಾವಂತವಾಡಿಯಲ್ಲಿ ಇಂದಿಗೂ ಗಂಜೀಫಾ ಎಲೆಗಳನ್ನು ಕೈಯಿಂದ ಬರೆಯುತ್ತಾರೆ. ನಾಣ್ಯದಂತೆ ದುಂಡಗಿರುವ 120 ಎಲೆಗಳು, ಹತ್ತು ಅವತಾರಗಳಿಗೆ ಹನ್ನೆರಡರಂತೆ. ಹಗಲಿನಲ್ಲಿ ಆಡಿದರೆ ರಾಮನ ಎಲೆಯಿಂದ ಆರಂಭ, ರಾತ್ರಿಯಾದರೆ ಕೃಷ್ಣನ ಎಲೆಯಿಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹದಿಮೂರು ಬಗೆಯ ಎಲೆಯಾಟಗಳನ್ನು ತಾವೇ ರಚಿಸಿದರು. ಅವುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಮಿಕ್ಕಿ ಎಲೆಗಳಿದ್ದವು. ಎಲೆಯನ್ನು ನೋಡಿ ಕಥೆ ನೆನೆಯುವುದು, ಎಣಿಕೆ ಕಲಿಯುವುದು, ಎದುರಿನವನ ಮನಸ್ಸನ್ನು ಊಹಿಸುವುದು ಜಪಾನಿನಿಂದ ಬಂದ ವಿದ್ಯೆಯೇನಲ್ಲ. ನನ್ನ ಮಾವನನ್ನು ಕೆಡಿಸಿದ್ದು ಎಲೆಯಲ್ಲ, ಎಲೆಯ ಮೇಲಿಟ್ಟ ಹಣ.

ಹಾಗಾದರೆ ಯಂತ್ರದ ಎಲೆಯಾಟದಲ್ಲಿ ಹಣ ಎಲ್ಲಿದೆ ಎಂಬುದನ್ನು ಹಿರಿಯರು ನೋಡಬೇಕು. ಕಾಗದದ ಪೋಕೆಮಾನ್ ಎಲೆಗಳನ್ನು ಮುಚ್ಚಿದ ಪೊಟ್ಟಣದಲ್ಲಿ ಮಾರುತ್ತಾರೆ. ಒಳಗೇನಿದೆ ಎಂಬುದು ಕೊಂಡ ಮೇಲೆ ತಿಳಿಯುವುದು. 'ಪಿಕಾಚು ಇಲಸ್ಟ್ರೇಟರ್' ಎಂಬ ಒಂದೇ ಒಂದು ಎಲೆ 2021ರಲ್ಲಿ 52 ಲಕ್ಷ 75 ಸಾವಿರ ಡಾಲರಿಗೆ ಕೈ ಬದಲಿಸಿತು. ಅಂಥ ಎಲೆಯನ್ನು ಯಾರೂ ಆಡುವುದಿಲ್ಲ, ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. 1998ರ ಗೇಮ್ ಬಾಯ್ ಆಟ ಈ ಹಣವನ್ನು ಆಟದಿಂದ ಹೊರಗಿಟ್ಟಿತು ಎಂಬುದೇ ನನಗೆ ಅದರ ದೊಡ್ಡ ಗುಣವಾಗಿ ಕಂಡಿದೆ. ಅದರಲ್ಲಿಯೂ ಪೊಟ್ಟಣಗಳಿವೆ, ಒಡೆಯುವ ಕುತೂಹಲವಿದೆ, ಬೇಕಾದ ಎಲೆ ಬಾರದಿದ್ದಾಗಿನ ನಿಟ್ಟುಸಿರೂ ಇದೆ. ಆದರೆ ಪೊಟ್ಟಣ ದೊರೆಯುವುದು ಗೆದ್ದವನಿಗೆ. ಬೆಂಕಿ, ನೀರು, ಹುಲ್ಲು, ಮಿಂಚು, ಬಂಡೆ ಎಂದು ಎಂಟು ಮಠಗಳಿದ್ದಂತೆ ಎಂಟು ಕ್ಲಬ್ಬುಗಳು, ಒಂದೊಂದಕ್ಕೆ ಒಬ್ಬ ಗುರು. ಸೋತರೆ ಕಟ್ಟನ್ನು ಬಿಚ್ಚಿ ಎಲ್ಲಿ ತಪ್ಪಾಯಿತೆಂದು ಯೋಚಿಸಿ ಮತ್ತೆ ಕಟ್ಟಿಕೊಂಡು ಬರಬೇಕು. ಎಂಟು ಗುರುಗಳಾದ ಮೇಲೆ ನಾಲ್ವರು ಮಹಾಗುರುಗಳು. ಅವರನ್ನೂ ಗೆದ್ದು ದಂತಕಥೆಯ ಎಲೆಗಳನ್ನು ಪಡೆದರೆ ಕಥೆ ಮುಗಿಯಿತು. ಯಂತ್ರವನ್ನು ಕೆಳಗಿಡಬಹುದು.

ಇದಕ್ಕೆ ಪ್ರತಿಯಾಗಿ, 2024ರ ಅಕ್ಟೋಬರ್ 30ರಂದು ಮೊಬೈಲಿಗೆ ಬಂದ 'ಪೋಕೆಮಾನ್ ಪಾಕೆಟ್' ಎಂಬ ಹೊಸ ಆಟವನ್ನೂ ನಾವಿಬ್ಬರು ಆಡಿ ನೋಡಿದೆವು. ಒಂದು ರೂಪಾಯಿಯನ್ನೂ ಕೊಡದೆ ಆಡಿದೆವು, ಹಾಗೆ ಆಡಲು ಬರುತ್ತದೆ. ಅದರ ಚೆಲುವನ್ನು ಅಲ್ಲಗಳೆಯಲಾರೆ. ಚಿತ್ರಗಳು ಕಣ್ಣಿಗೆ ಹಬ್ಬ. ಕೆಲವು ಎಲೆಗಳ ಒಳಗೆ ನಾವೇ ನಡೆದು ಹೋದಂತೆ ತೋರಿಸುತ್ತಾರೆ. ಕಟ್ಟು 20 ಎಲೆಗಳದು, ಮೂರು ಅಂಕ ಪಡೆದವನು ಗೆದ್ದ, ಚಹಾ ಆರುವಷ್ಟರಲ್ಲಿ ಆಟ ಮುಗಿಯುತ್ತದೆ. ಕಸುವನ್ನು ಯಂತ್ರವೇ ಒದಗಿಸುವುದರಿಂದ ನನ್ನಂಥವನಿಗೆ ಸುಲಭವೂ ಹೌದು. ಆದರೆ ಅಲ್ಲಿ ಪೊಟ್ಟಣ ಗೆಲುವಿಗೆ ಸಿಗುವ ಬಹುಮಾನವಲ್ಲ. ಹನ್ನೆರಡು ತಾಸಿಗೊಂದರಂತೆ ದಿನಕ್ಕೆ ಎರಡು ಪೊಟ್ಟಣ ಪುಕ್ಕಟೆ, ಕಾಯಲಾರದವನಿಗೆ ಹಣದ ದಾರಿ. ಬೆರಳಿನಿಂದ ಪೊಟ್ಟಣದ ಮೇಲ್ತುದಿ ಹರಿಯುವುದನ್ನು ಎಷ್ಟು ಸೊಗಸಾಗಿ ಮಾಡಿದ್ದಾರೆಂದರೆ, ಮೂರು ದಿನಗಳಲ್ಲಿ ನಾವು ಆಡುವುದನ್ನು ಬಿಟ್ಟು ಹರಿಯುವುದನ್ನೇ ಕಾಯತೊಡಗಿದ್ದೆವು. ನಾನು ಬೆಳಗಿನ ಜಾವ ಎದ್ದವನು ಮುಖ ತೊಳೆಯುವ ಮೊದಲು ಮೊಬೈಲು ನೋಡಿದೆ. ಗಡ್ಡಾ ಜಾತ್ರೆಯಲ್ಲಿ ಹಲಗೆಗೆ ಅಂಟಿಸಿದ ಚೀಟಿ ಹರಿಯುತ್ತಿದ್ದ ಹುಡುಗ ನನ್ನೊಳಗೆ ಇನ್ನೂ ಇದ್ದಾನೆಂದು ಅಂದು ತಿಳಿಯಿತು. ಮೊಮ್ಮಗನಿಗಿಂತ ಮೊದಲು ಆ ಆಟವನ್ನು ತೆಗೆದುಹಾಕಿದವನು ನಾನು.

ಹಣ ಪಣಕ್ಕಿಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದು ಸ್ವಾಗತಾರ್ಹ. ಆದರೆ ಮುಚ್ಚಿದ ಪೊಟ್ಟಣದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಹಣ ಹೋಗುತ್ತದೆ, ಮರಳಿ ಬರುವುದು ಬರಿಯ ಚಿತ್ರ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿಯೇ ಕೆಲವು ಆಟಗಳಲ್ಲಿ ಹಣಕ್ಕೆ ಮಾರುವ ಇಂಥ ಅದೃಷ್ಟದ ಪೆಟ್ಟಿಗೆಗಳು ಜೂಜೇ ಎಂದು ತೀರ್ಮಾನಿಸಿತು. ನಮ್ಮಲ್ಲಿ ಅಂಥ ತೀರ್ಮಾನ ಬರುವವರೆಗೆ ಮನೆಯ ಹಿರಿಯರೇ ಆಯೋಗ. ಯಂತ್ರವನ್ನು ಕಸಿದುಕೊಂಡರೆ ಆ ಕೆಲಸ ಆಗುವುದಿಲ್ಲ. ಪಕ್ಕದಲ್ಲಿ ಕುಳಿತು, ಎಲೆ ಎಲ್ಲಿಂದ ಬರುತ್ತದೆ, ಆಟಕ್ಕೆ ಕೊನೆಯಿದೆಯೇ, ಸೋತವನು ಯೋಚಿಸುತ್ತಾನೋ ಅಥವಾ ಜೇಬಿಗೆ ಕೈ ಹಾಕುತ್ತಾನೋ ಎಂದು ಸ್ವತಃ ಆಡಿ ನೋಡಬೇಕು. ಒಲೆಗೆ ಸುರಿಯುವ ಮೊದಲು ನನ್ನ ತಂದೆಯವರು ಆ ಇನ್ನೂರು ಚಿತ್ರಗಳನ್ನು ಒಮ್ಮೆ ನನ್ನೊಡನೆ ಎಣಿಸಿದ್ದರೆ, ಅದರಲ್ಲಿ ಒಂದು ಪೈಸೆಯೂ ಇರಲಿಲ್ಲವೆಂಬುದು ಅವರಿಗೂ ತಿಳಿಯುತ್ತಿತ್ತು.

ಈ ಲೇಖನದ ಕರಡನ್ನು ಓದಿದ ಮಿತ್ರರೊಬ್ಬರು, ಹಾಗಿದ್ದರೆ ಶರಣರ ಚಿತ್ರಗಳನ್ನು ಹಾಕಿ ಕನ್ನಡದಲ್ಲಿಯೇ ಇಂಥ ಎಲೆಗಳನ್ನು ಮಾಡಿಸಿ ಮಹೋತ್ಸವದಲ್ಲಿ ಹಂಚೋಣವೇ ಎಂದರು. ಬೇಡವೆಂದೆ. ಆಟದೊಳಗೆ ಪಾಠವನ್ನು ಅಡಗಿಸಿಟ್ಟರೆ ಮಕ್ಕಳಿಗೆ ಅದರ ವಾಸನೆ ಮೊದಲು ಹತ್ತುತ್ತದೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯನ್ನು ತೆರೆದಿಟ್ಟು, ಚೌಕಾಬಾರ, ಚದುರಂಗ, ಎಲೆ, ಯಂತ್ರ ಏನೇ ಇರಲಿ, ಮಕ್ಕಳೂ ಹಿರಿಯರೂ ಎದುರುಬದುರು ಕುಳಿತು ಆಡುವಂತಾದರೆ ಸಾಕು. ಆಟದ ನಡುವೆ ಜಗಳ, ವಾದ, ವಿವರಣೆ ಎಲ್ಲವೂ ಕನ್ನಡದಲ್ಲಿ ನಡೆಯಲಿ. ಸೋಲಲು ಸಿದ್ಧನಿರುವ ಒಬ್ಬ ಹಿರಿಯನಾಗಿ ನಾನು ಪ್ರತಿ ಶನಿವಾರ ಬರುತ್ತೇನೆಂದು ಆಡಳಿತ ಮಂಡಳಿಯವರಿಗೆ ಈ ಮೂಲಕ ತಿಳಿಸುತ್ತೇನೆ.

ರಜೆ ಮುಗಿದು ಮೊಮ್ಮಗ ಹೊರಡುವ ಹೊತ್ತಿಗೆ ನಾವು ಎಂಟು ಗುರುಗಳನ್ನೂ ಮೂವರು ಮಹಾಗುರುಗಳನ್ನೂ ಗೆದ್ದಿದ್ದೆವು. ರಾಡ್ ಎಂಬ ನಾಲ್ಕನೆಯವನು ಮಾತ್ರ ಬಗ್ಗಲಿಲ್ಲ. ಯಂತ್ರ ಪುಣೆಗೆ ಹೋಯಿತು. ಆದರೆ ಈಗ ಪ್ರತಿ ರವಿವಾರ ಸಂಜೆ ಹುಡುಗ ಫೋನು ಮಾಡಿ, ಕಟ್ಟಿನಲ್ಲಿ ಯಾವ ಎಲೆ ತೆಗೆದ, ಯಾವುದು ಸೇರಿಸಿದ ಎಂದು ಅರ್ಧ ತಾಸು ವರದಿ ಒಪ್ಪಿಸುತ್ತಾನೆ. ಹೋದ ವಾರ, ಪ್ರೊಫೆಸರ್ ಓಕ್ ಎಲೆಗಳನ್ನು ನಾಲ್ಕಕ್ಕೆ ಏರಿಸಿದ್ದೇನೆ, ನಿನಗೆ ಒಪ್ಪಿಗೆಯೇ ಎಂದು ಕೇಳಿದ. ಮೂರು ಸಾಕು ಎಂದಿದ್ದೇನೆ. ಇನ್ನೂ ಇತ್ಯರ್ಥವಾಗಿಲ್ಲ.